ಸಿಇಟಿ ಬರಿಯೋ ಮಲೆನಾಡಿನ ಮಕ್ಕಳಿಗೆ: ಅರ್ಜಿಯಿಂದ ಹಿಡಿದು ಸೀಟು ಕೈಗೆ ಬರೋ ತನಕ

ಸೆಕೆಂಡ್ ಪಿಯು ಸೈನ್ಸ್ ಓದ್ತಿರೋ ಮಕ್ಕಳು, ಅವರ ಅಪ್ಪ ಅಮ್ಮ ಎಲ್ರೂ ಒಟ್ಟಿಗೆ ಕೂತು ಓದ್ಲಿ ಅಂತ ಇದನ್ನ ಬರೀತಿದೀನಿ. ನಾನು ತೀರ್ಥಹಳ್ಳಿ ಕಡೆ ಪಿಯು ಕಾಲೇಜೊಂದ್ರಲ್ಲಿ ಫಿಸಿಕ್ಸ್ ಪಾಠ ಮಾಡೋಳು, ಪ್ರತಿ ವರ್ಷ ಬೇಸಿಗೆ ಶುರುವಾದಾಗಿಂದ ಮಳೆಗಾಲ ಅರ್ಧ ಕಳಿಯೋ ತನಕ ಮಕ್ಕಳ ಜೊತೆ ಇದೇ ಓಡಾಟ. ನೋಡಿ ನೋಡಿ ನಂಗೆ ಖಾತ್ರಿಯಾಗಿರೋ ವಿಷಯ ಏನಂದ್ರೆ, ನಮ್ಮ ಕಡೆ ಮಕ್ಕಳು ಪರೀಕ್ಷೆ ಹಾಲಲ್ಲಿ ಕಳ್ಕೊಳ್ಳೋ ಸೀಟಿಗಿಂತ ಜಾತಿ ಸರ್ಟಿಫಿಕೇಟು, ಶಾಲೆ ದಾಖಲೆ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸಿನ ಪಟ್ಟಿ ಆನ್‌ಲೈನಲ್ಲಿ ತುಂಬೋದು) ಇಂಥದ್ರಲ್ಲಿ ಕಳ್ಕೊಳ್ಳೋದೇ ಜಾಸ್ತಿ. ಓದೋದು ಹೆಂಗೆ ಅಂತ ಹೇಳೋಕೆ ಲೆಕ್ಚರರ್ ಇದಾರೆ, ಯೂಟ್ಯೂಬ್ ಇದೆ, ಉಳಿದಿದ್ದನ್ನ ಹೇಳೋರು ಊರಲ್ಲಿ ಯಾರೂ ಇರಲ್ಲ, ಅದ್ಕೆ ನಾನು ಓದೋದ್ರ ಬಗ್ಗೆ ಸ್ವಲ್ಪ, ಉಳಿದಿದ್ದರ ಬಗ್ಗೆ ಜಾಸ್ತಿ ಬರೀತೀನಿ.

ಸಿಇಟಿ ಯಾವುದಕ್ಕೆ ಬೇಕು

ಸಿಇಟಿ ಅಂದ್ರೆ ಸಾಮಾನ್ಯ ಪ್ರವೇಶ ಪರೀಕ್ಷೆ, ಇದನ್ನ ನಡೆಸೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ರೂ ಕೆಇಎ ಅಂತಾರೆ, ಬೆಂಗಳೂರು ಮಲ್ಲೇಶ್ವರದಲ್ಲಿದೆ. ಇಂಜಿನಿಯರಿಂಗ್, ಬಿಎಸ್ಸಿ ಅಗ್ರಿ, ತೋಟಗಾರಿಕೆ, ಫಾರೆಸ್ಟ್ರಿ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್, ನ್ಯಾಚುರೋಪತಿ ಇವೆಲ್ಲ ಸಿಇಟಿ ಲೆಕ್ಕಕ್ಕೆ ಬರುತ್ತೆ. ಮೆಡಿಕಲ್, ಡೆಂಟಲ್, ಆಯುರ್ವೇದಕ್ಕೆ ನೀಟ್ ಬರೀಬೇಕು, ಆರ್ಕಿಟೆಕ್ಚರ್‌ಗೆ ನಾಟಾ. ಆದ್ರೆ ನೀಟ್ ಬರೆದ ಮೇಲೂ ನಮ್ಮ ರಾಜ್ಯದ ಕೋಟಾ ಸೀಟು ಹಂಚೋದು ಇದೇ ಕೆಇಎ, ಅದ್ರಿಂದ ನೀಟ್ ಒಂದೇ ಸಾಕು ಅಂತ ಕೂರೋ ಮಕ್ಕಳೂ ಸಿಇಟಿ ಅರ್ಜಿ ಹಾಕಿಡಿ.

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ, ಒಂದೊಂದಕ್ಕೂ 60 ಪ್ರಶ್ನೆ 60 ಮಾರ್ಕ್ಸ್. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್ ಆಗಲ್ಲ. ಪಿಸಿಎಂಬಿ ತಗೊಂಡಿರೋರು ನಾಲ್ಕೂ ಪೇಪರ್ ಬರೀರಿ. "ನಂಗೆ ಇಂಜಿನಿಯರಿಂಗೇ, ಬಯಾಲಜಿ ಯಾಕೆ ಮೇಡಂ" ಅಂತ ಕೇಳ್ತಾರೆ, ಏಪ್ರಿಲಲ್ಲಿ ಹಂಗೆ ಅನ್ಸುತ್ತೆ, ಆಮೇಲೆ ರ‍್ಯಾಂಕ್ ಕೈಗೆ ಬಂದಾಗ ಅಗ್ರಿ ಅಥವಾ ಫಾರೆಸ್ಟ್ರಿ ಕಡೆ ಮನಸು ಹೋದ್ರೆ ಬಯಾಲಜಿ ಬರೆದಿಲ್ಲ ಅನ್ನೋ ಕಾರಣಕ್ಕೆ ಆ ಬಾಗಿಲು ಮುಚ್ಚಿರುತ್ತೆ. ನಮ್ಮದೇ ಜಿಲ್ಲೇಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇದೆ, ಸಾಗರ ತಾಲ್ಲೂಕು ಇರುವಕ್ಕಿಯಲ್ಲಿ ಮುಖ್ಯ ಕ್ಯಾಂಪಸ್ಸು, ಶಿವಮೊಗ್ಗ ನವಿಲೆಯಲ್ಲಿ ಅಗ್ರಿ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಎಲ್ಲ ಅದಕ್ಕೇ ಸೇರಿದ್ದು. ಅಡಿಕೆ ತೋಟದ ಮಧ್ಯೆ ಹುಟ್ಟಿ ಬೆಳೆದ ಮಕ್ಕಳು ಈ ಕೋರ್ಸುಗಳ ಹೆಸರೂ ಕೇಳಿರಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು.

ಅರ್ಧ ಪಿಯು, ಅರ್ಧ ಸಿಇಟಿ

ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಮಾರ್ಕ್ಸ್ ಶೇ. 50, ಸಿಇಟಿಯ ಅದೇ ಮೂರು ಸಬ್ಜೆಕ್ಟ್ ಶೇ. 50. ಪಿಯುನಲ್ಲಿ 300ಕ್ಕೆ 270 ಬಂತು ಅಂದ್ಕೊಳ್ಳಿ, ಅಂದ್ರೆ ಶೇ. 90. ಸಿಇಟಿಲಿ 180ಕ್ಕೆ 90 ಬಂತು, ಶೇ. 50. ಎರಡೂ ಸೇರಿಸಿ ಅರ್ಧ ಮಾಡಿದ್ರೆ 70. ಈ 70ರ ಮೇಲೆ ನಿಮ್ಮ ರ‍್ಯಾಂಕ್ ನಿಂತಿದೆ. ಈಗ ಅದನ್ನ 75 ಮಾಡ್ಬೇಕು ಅಂದ್ರೆ ಪಿಯುನಲ್ಲಿ 30 ಮಾರ್ಕ್ಸ್ ಜಾಸ್ತಿ ಬೇಕು, 270 ಇದ್ದೋರಿಗೆ ಅದು 300ಕ್ಕೆ 300 ಆಯ್ತು, ಆಗೋ ಮಾತಲ್ಲ. ಸಿಇಟಿಲಾದ್ರೆ 18 ಮಾರ್ಕ್ಸ್ ಸಾಕು, ಒಂದೊಂದು ಸಬ್ಜೆಕ್ಟಲ್ಲಿ ಬರೀ ಆರಾರು ಪ್ರಶ್ನೆ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಗೋ ಆ ಸ್ವಲ್ಪ ದಿನಾನ ಮದುವೆ ಮನೆ, ಜಾತ್ರೆ ಅಂತ ಕಳೀಬೇಡಿ ಅಂತ ನಾನು ಬೇಡ್ಕೊಳ್ಳೋದು ಇದೇ ಲೆಕ್ಕ ಇಟ್ಕೊಂಡು.

ಹಂಗಂತ ಪಿಯುನ ಅಸಡ್ಡೆ ಮಾಡೋದಲ್ಲ. ಕನಿಷ್ಠ ಅರ್ಹತೆನೂ ಇದೆ, ಇಂಜಿನಿಯರಿಂಗ್‌ಗೆ ಪಿಯು ಪಿಸಿಎಂನಲ್ಲಿ ಜನರಲ್‌ಗೆ ಶೇ. 45, ಎಸ್‌ಸಿ ಎಸ್‌ಟಿ ಮತ್ತೆ ಹಿಂದುಳಿದ ವರ್ಗದೋರಿಗೆ ಶೇ. 40 ಬೇಕು, ಅದಿಲ್ಲ ಅಂದ್ರೆ ಸಿಇಟಿಲಿ ಎಷ್ಟೇ ಬಂದ್ರೂ ರ‍್ಯಾಂಕೇ ಕೊಡಲ್ಲ. ಮಾರ್ಕ್ಸ್ ಕಮ್ಮಿ ಬಂದೋರು ಪಿಯು ಎರಡನೇ ಪರೀಕ್ಷೆ ಕಟ್ಟೋಕೆ ನಾಚ್ಕೊಬೇಡಿ.

ದಾಖಲೆ: ಕ್ರಿಸ್‌ಮಸ್ ರಜೇಲೇ ಶುರು ಮಾಡಿ

ಇದು ಇಡೀ ಬರಹದಲ್ಲಿ ನಂಗೆ ಅತಿ ಮುಖ್ಯವಾದ ಭಾಗ, ದಯವಿಟ್ಟು ಅಪ್ಪ ಅಮ್ಮಂದಿರು ಓದಿ.

ಮೊದ್ಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ಮೇಜಿನ ಮೇಲೆ ಇಡಿ. ಅದ್ರಲ್ಲಿ ಹೆಸರು ಹೆಂಗಿದೆ, ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ, ಅಪ್ಪನ ಹೆಸರು, ಅಮ್ಮನ ಹೆಸರು ಹೆಂಗಿದೆ. ಆಧಾರ್, ಜಾತಿ ಆದಾಯ ಸರ್ಟಿಫಿಕೇಟ್ ಎರಡನ್ನೂ ಪಕ್ಕ ಇಟ್ಟು ಹೋಲಿಸಿ. ನಮ್ಮ ಕಡೆ ಮನೆ ಹೆಸರು, ಊರ ಹೆಸರು ಎಲ್ಲ ಇನಿಷಿಯಲ್ ಆಗಿ ಸೇರ್ಕೊಂಡು ಒಂದೊಂದು ಕಡೆ ಒಂದೊಂದು ರೀತಿ ಇರುತ್ತೆ, ಒಬ್ಳೇ ಹುಡುಗಿ ಮೂರು ದಾಖಲೇಲಿ ಮೂರು ಜನ ಆಗಿರ್ತಾಳೆ. ಇದನ್ನ ಸರಿ ಮಾಡ್ಸೋಕೆ ವಾರಗಟ್ಲೆ ಬೇಕು. ಜನವರಿಲಿ ಅರ್ಜಿ ಶುರುವಾದ ಮೇಲೆ ಓಡಾಡೋಕೆ ಹೋದ್ರೆ ಪ್ರಿಪರೇಟರಿ ಪರೀಕ್ಷೆನೂ ಹಾಳು, ಕೆಲಸಾನೂ ಆಗಲ್ಲ.

ಆಮೇಲೆ ಜಾತಿ ಆದಾಯ ಪ್ರಮಾಣ ಪತ್ರ. ನಾಡಕಚೇರಿಲಿ ಕೊಡೋದು, ಮೇಲೆ ಆರ್‌ಡಿ ನಂಬರ್ ಇರುತ್ತೆ, ಅರ್ಜಿಲಿ ಆ ನಂಬರ್ ಹಾಕಿದ್ರೆ ಕೆಇಎ ಅದನ್ನ ಆನ್‌ಲೈನಲ್ಲೇ ಹೊಂದಿಸಿ ನೋಡುತ್ತೆ. ಮಗು ಹೆಸರಲ್ಲೇ ಇರ್ಬೇಕು, ಅಪ್ಪನ ಹೆಸರಿಂದು ನಡೆಯಲ್ಲ. ಆದಾಯದ್ದಕ್ಕೆ ಅವಧಿ ಇರುತ್ತೆ, ಎಸ್ಸೆಸ್ಸೆಲ್ಸಿ ಟೈಮಲ್ಲಿ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ್ದು ಇದೆಯಲ್ಲ ಅಂತ ಸುಮ್ನಿರ್ಬೇಡಿ, ಅವಧಿ ಯಾವತ್ತಿಗೆ ಮುಗಿಯುತ್ತೆ ಅಂತ ತೆಗೆದು ನೋಡಿ. ಜಾತಿ ಮೀಸಲಾತಿ ಇಲ್ಲದ ಮನೆಯೋರೂ ಆದಾಯ ಪ್ರಮಾಣ ಪತ್ರ ಮಾಡಿಸಿ, ಯಾಕಂದ್ರೆ ಎಸ್‌ಎನ್‌ಕ್ಯೂ ಅಂತ ಒಂದಿದೆ, ಇಂಜಿನಿಯರಿಂಗಲ್ಲಿ ಶೇ. 5 ಹೆಚ್ಚುವರಿ ಸೀಟು, ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರೋರಿಗೆ ಟ್ಯೂಷನ್ ಫೀ ಇಲ್ಲ, ಯಾವ ಜಾತಿಯೋರಾದ್ರೂ ಸರಿ. ಅರ್ಜಿ ಹಾಕುವಾಗ ಅದನ್ನ ಬೇಕು ಅಂತ ಕೇಳಿರ್ಬೇಕು ಅಷ್ಟೇ.

ಮುಂದಿಂದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ. ಇದ್ರಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಲಾಭ ಇದೆಯೋ ಅಷ್ಟೇ ಗೊಂದಲಾನೂ ಇದೆ. ಒಂದರಿಂದ ಹತ್ತನೇ ಕ್ಲಾಸಿನ ತನಕ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೇಲಿ ಓದಿದ್ರೆ ಗ್ರಾಮೀಣ ಕೋಟಾ, ಶೇ. 15. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ರೆ ಕನ್ನಡ ಮಾಧ್ಯಮ ಕೋಟಾ, ಶೇ. 5. ಎರಡೂ ಇದ್ರೆ ಎರಡನ್ನೂ ಕೇಳಬಹುದು. ನಿಮ್ಮ ಮೀಸಲಾತಿ ಕೆಟಗರಿ ಕೋಡಿನ ಕೊನೇಲಿ ಜಿ, ಆರ್, ಕೆ ಅಂತ ಬರೋದು ಇದೇ, 2ಎಜಿ ಅಂದ್ರೆ 2ಎ ಸಾಮಾನ್ಯ, 2ಎಆರ್ ಅಂದ್ರೆ 2ಎ ಗ್ರಾಮೀಣ, 2ಎಕೆ ಅಂದ್ರೆ 2ಎ ಕನ್ನಡ ಮಾಧ್ಯಮ.

ಗ್ರಾಮೀಣದಲ್ಲಿ ಸಮಸ್ಯೆ ಬರೋದು ಎಲ್ಲಿ ಅಂದ್ರೆ, ಶಾಲೆ ಎಲ್ಲಿತ್ತು ಅನ್ನೋದು ಮುಖ್ಯ, ಮನೆ ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ. ಮಂಡಗದ್ದೆ ಕಡೆ ಹಳ್ಳಿ ಹುಡುಗ ಏಳನೇ ಕ್ಲಾಸ್ ತನಕ ಊರ ಶಾಲೇಲೇ ಓದಿ ಎಂಟನೇ ಕ್ಲಾಸಿಗೆ ತೀರ್ಥಹಳ್ಳಿ ಪೇಟೆ ಹೈಸ್ಕೂಲಿಗೆ ಸೇರಿದ್ರೆ, ದಿನಾ ಕಾಡು ದಾರೀಲಿ ನಡೆದು ಬಸ್ಸು ಹಿಡಿದು ಹೋಗಿದ್ರೂ ಅವನಿಗೆ ಗ್ರಾಮೀಣ ಸಿಗಲ್ಲ, ಪಟ್ಟಣ ಪಂಚಾಯಿತಿ ವ್ಯಾಪ್ತಿ ಗ್ರಾಮೀಣ ಅಲ್ಲ. ಒಂದು ವರ್ಷ ಪೇಟೇಲಿ ಓದಿದ್ರೂ ಮುಗೀತು. ಇದು ನ್ಯಾಯಾನಾ ಅಂತ ನಂಗೂ ಅನ್ಸುತ್ತೆ, ಆದ್ರೆ ನಿಯಮ ಹಂಗಿದೆ, ಇಲ್ಲದ್ದನ್ನ ಕ್ಲೇಮ್ ಮಾಡಿ ಆಮೇಲೆ ಸೀಟು ರದ್ದಾಗೋದಕ್ಕಿಂತ ಮೊದ್ಲೇ ಗೊತ್ತಿರ್ಲಿ. ಹಾಗೇನೇ ಹತ್ತು ವರ್ಷ ಹಳ್ಳಿ ಶಾಲೇಲೇ ಓದಿರೋ ಎಷ್ಟೋ ಮಕ್ಕಳು ಗ್ರಾಮೀಣ ಅಂತ ಒಂದಿದೆ ಅನ್ನೋದೇ ಗೊತ್ತಿಲ್ದೆ ಖಾಲಿ ಬಿಟ್ಟು ಬಂದಿರ್ತಾರೆ, ಅದಂತೂ ಇನ್ನೂ ಸಂಕಟ.

ಈ ಕ್ಲೇಮುಗಳಿಗೆ ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣ ಪತ್ರ ತಗೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಮೇಲುರುಜು ಹಾಕಿಸ್ಬೇಕು. ಈಗ ಎಸ್‌ಎಟಿಎಸ್ (ಶಾಲೆ ಮಕ್ಕಳ ದಾಖಲೆ ಇಡೋ ಸರ್ಕಾರಿ ವ್ಯವಸ್ಥೆ) ನಂಬರಿಂದ ಶಾಲೆ ವಿವರ ಆನ್‌ಲೈನಲ್ಲೇ ತಾಳೆ ನೋಡ್ತಾರೆ, ಆದ್ರೂ ಕಾಗದ ಕೈಲಿರ್ಲಿ. ನಮ್ಮ ಕಡೆ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆ ಮಕ್ಕಳಿಲ್ದೆ ಮುಚ್ಚಿ ಹೋಗಿದೆ, ನೀವು ಓದಿದ ಶಾಲೆನೂ ಮುಚ್ಚಿದ್ರೆ ಅದರ ದಾಖಲಾತಿ ರಿಜಿಸ್ಟರ್ ಯಾವ ಶಾಲೆಗೆ ಹೋಯ್ತು ಅಂತ ಆ ಭಾಗದ ಶಾಲೆಗಳನ್ನ ನೋಡ್ಕೊಳ್ಳೋ ಕ್ಲಸ್ಟರ್ ಸಿಆರ್‌ಪಿ ಹತ್ರ ಕೇಳಿ, ಅವ್ರಿಗೆ ಗೊತ್ತಿರುತ್ತೆ. ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ ದಾಖಲೆನೂ ಬೇಕು, ಇಲ್ಲೇ ಓದಿದೋರಿಗೆ ಅದು ತೊಂದ್ರೆ ಇಲ್ಲ. ಹೊರನಾಡು ಗಡಿನಾಡು ಕನ್ನಡಿಗರ ಮಕ್ಕಳಿಗೆ ಬೇರೆ ದಾರಿ ಇದೆ, 50 ಮಾರ್ಕ್ಸಿನ ಕನ್ನಡ ಪರೀಕ್ಷೆ, 12 ಬಂದ್ರೆ ಪಾಸು.

ಅರ್ಜಿ ತುಂಬುವಾಗ

ಗ್ರಾಮ ಒನ್ ಆಗ್ಲಿ ಸೈಬರ್ ಆಗ್ಲಿ, ಅರ್ಜಿನ ಅವ್ರ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋಗ್ಬೇಡಿ, ಪಕ್ಕದಲ್ಲೇ ಕೂತು ಒಂದೊಂದು ಸಾಲೂ ನೋಡಿ. ಮೊಬೈಲ್ ನಂಬರ್ ಮನೇಲಿ ಸಿಗ್ನಲ್ ಸಿಗೋ ಸಿಮ್ಮಿಂದು ಕೊಡಿ, ಯಾಕಂದ್ರೆ ಒಟಿಪಿ ಎಲ್ಲ ಅದಕ್ಕೇ ಬರೋದು. ಹೊಸನಗರ, ನಗರ, ಆಗುಂಬೆ ಕಡೆ ಕೆಲವು ಮನೇಲಿ ಒಂದೇ ಕಂಪನಿ ಸಿಮ್ಮು ಹಿಡಿಯೋದು, ಅದೂ ಅಂಗಳದ ಮೂಲೇಲಿ. ಸೈಬರ್ ಅಂಗಡಿಯೋರ ನಂಬರ್ ಯಾವ ಕಾರಣಕ್ಕೂ ಕೊಡ್ಬೇಡಿ, ಪಾಸ್‌ವರ್ಡನ್ನ ನೋಟ್‌ಬುಕ್ಕಲ್ಲಿ ಬರೆದು ಮನೇಲಿಡಿ. 2024ರ ಕೊನೇಲಿ ಸೀಟ್ ಬ್ಲಾಕಿಂಗ್ (ಸೇರೋ ಉದ್ದೇಶ ಇಲ್ದೆ ಸೀಟು ಹಿಡಿದಿಡೋದು) ಬಗ್ಗೆ ಕೆಇಎನೇ ಪೊಲೀಸರಿಗೆ ದೂರು ಕೊಟ್ಟಿದ್ದು ಪೇಪರಲ್ಲಿ ಓದಿರ್ತೀರಿ. ನಿಮ್ಮ ಲಾಗಿನ್ ಬೇರೆಯೋರ ಕೈಲಿದ್ರೆ ನಿಮ್ಮ ಸೀಟೂ ಅವ್ರ ಕೈಲೇ.

ಫೀಸ್ ಕಟ್ಟಿದ ಮೇಲೆ ಕೊನೇ ಪ್ರಿಂಟ್ ತಗೊಂಡ್ರೆ ಮಾತ್ರ ಅರ್ಜಿ ಪೂರ್ತಿ. ತಿದ್ದುಪಡಿಗೆ ಕೆಲವು ದಿನ ಬಿಡ್ತಾರೆ, ಆ ದಿನಗಳಲ್ಲಿ ಪ್ರಿಂಟ್ ಹಿಡ್ಕೊಂಡು ಇನ್ನೊಂದ್ಸಲ ಪೂರ್ತಿ ಓದಿ, ಸಾಧ್ಯ ಆದ್ರೆ ನಿಮ್ಮ ಲೆಕ್ಚರರ್ ಹತ್ರನೂ ಓದಿಸಿ. ಕೃಷಿಕರ ಮಕ್ಕಳ ಕೋಟಾ, ಎನ್‌ಸಿಸಿ, ಕ್ರೀಡೆ, ಸೈನಿಕರ ಮಕ್ಕಳು, ಅಂಗವಿಕಲರ ಕೋಟಾ ಇದ್ಯಾವ್ದಾದ್ರೂ ಇದ್ರೆ ಇಲ್ಲೇ ಟಿಕ್ ಮಾಡ್ಬೇಕು, ಆಮೇಲೆ ಸೇರಿಸ್ತೀನಿ ಅಂದ್ರೆ ಕಷ್ಟ.

ಓದೋದು, ಸ್ವಲ್ಪದರಲ್ಲಿ

ಫಸ್ಟ್ ಪಿಯು, ಸೆಕೆಂಡ್ ಪಿಯು ಎರಡರಿಂದಾನೂ ಬರುತ್ತೆ. ಫಸ್ಟ್ ಪಿಯುನ ಎಲ್ರೂ ಬಿಟ್ಟಿರ್ತಾರೆ, ಅದನ್ನ ಓದಿದೋರೇ ಮುಂದೆ ಹೋಗೋದು. ಎನ್‌ಸಿಇಆರ್‌ಟಿ ಪುಸ್ತಕ ಬಿಟ್ಟು ಬೇರೆ ದಪ್ಪ ಗೈಡುಗಳ ಹಿಂದೆ ಹೋಗ್ಬೇಡಿ, ಬಯಾಲಜಿ ಮತ್ತೆ ಇನಾರ್ಗ್ಯಾನಿಕ್ ಕೆಮಿಸ್ಟ್ರಿಗೆ ಪುಸ್ತಕದ ಸಾಲು ಸಾಲೂ ಓದಿದ್ರೆ ಸಾಕು. ಈ ವರ್ಷದ ಸಿಲಬಸ್ ಯಾವ್ದು ಅಂತ ಖಚಿತ ಮಾಡ್ಕೊಳ್ಳಿ. 2024ರಲ್ಲಿ ಕೈಬಿಟ್ಟ ಪಾಠಗಳಿಂದ ಪ್ರಶ್ನೆ ಬಂದು ದೊಡ್ಡ ಗಲಾಟೆಯಾಗಿ, ಕೊನೆಗೆ ನಾಲ್ಕೂ ಸಬ್ಜೆಕ್ಟ್ ಸೇರಿ 50 ಪ್ರಶ್ನೆ ಲೆಕ್ಕದಿಂದ ತೆಗೆದ್ರು. ಅಂಥದ್ದು ಆದ್ರೆ ಹಾಲಲ್ಲಿ ಗಾಬರಿಯಾಗದೆ ಗೊತ್ತಿಲ್ಲದ ಪ್ರಶ್ನೆ ದಾಟಿ ಮುಂದೆ ಹೋದ ಮಕ್ಕಳೇ ಚೆನ್ನಾಗಿ ಮಾಡಿದ್ದು.

ಹಳೇ ಪ್ರಶ್ನೆ ಪತ್ರಿಕೆ ಕೆಇಎ ವೆಬ್‌ಸೈಟಲ್ಲೇ ಸಿಗುತ್ತೆ. ಗಡಿಯಾರ ಇಟ್ಕೊಂಡು 70 ನಿಮಿಷ ಕೂತು ಬಿಡಿಸಿ, ಕ್ಯಾಲ್ಕುಲೇಟರ್ ಮುಟ್ಬೇಡಿ, ಪರೀಕ್ಷೇಲೂ ಇರಲ್ಲ. ಫಿಸಿಕ್ಸಲ್ಲಿ 9.8 ಬದ್ಲು 10 ಹಾಕಿ ಅಂದಾಜು ಮಾಡಿದ್ರೆ ನಾಲ್ಕು ಆಪ್ಷನಲ್ಲಿ ಎರಡು ಹಂಗೇ ಬಿದ್ದೋಗುತ್ತೆ, ಯೂನಿಟ್ ನೋಡಿದ್ರೆ ಕೆಲವು ಸಲ ಇನ್ನೊಂದೂ ಬೀಳುತ್ತೆ. ಮ್ಯಾಥ್ಸಲ್ಲಿ ಆಪ್ಷನ್ನನ್ನೇ ಸಮೀಕರಣಕ್ಕೆ ಹಾಕಿ ನೋಡೋ ಅಭ್ಯಾಸ ಮಾಡಿ. ಮನೇಲಿ ಅಭ್ಯಾಸ ಮಾಡುವಾಗ್ಲೂ ಓಎಂಆರ್ ಹಾಳೆ (ಉತ್ತರಕ್ಕೆ ಗುಂಡಿ ತುಂಬೋ ಹಾಳೆ) ಜೆರಾಕ್ಸ್ ಮಾಡಿಸ್ಕೊಂಡು ಬಾಲ್ ಪೆನ್ನಲ್ಲೇ ಗುಂಡಿ ತುಂಬಿ, 60 ಗುಂಡಿ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಆಗ್ಲೇ ಗೊತ್ತಾಗೋದು.

ಹಿಂದಿನ ದಿನ

ಪ್ರವೇಶ ಪತ್ರದಲ್ಲಿ ಸೆಂಟರ್ ಹೆಸರು ಬಂದ ಕೂಡ್ಲೇ ಅದು ಎಲ್ಲಿದೆ ಅಂತ ತಿಳ್ಕೊಳ್ಳಿ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಹತ್ರ, ಸಾಗರದಿಂದ 70ರ ಹತ್ರ, ಆಗುಂಬೆ ಕಡೆಯೋರಿಗೆ 90 ಆಗುತ್ತೆ. ಬೆಳಿಗ್ಗೆ ಮೊದ್ಲ ಬಸ್ಸಿಗೆ ಹೊರಟು 10:30ರ ಪೇಪರ್ ಬರೀತೀನಿ ಅನ್ನೋ ಧೈರ್ಯ ಬೇಡ. ಏಪ್ರಿಲಲ್ಲಿ ನಮ್ಮಲ್ಲಿ ಸಂಜೆ ಗುಡುಗು ಮಳೆ, ಗಾಳಿಗೆ ರಾತ್ರಿ ರಸ್ತೆಗೆ ಮರ ಬಿದ್ರೆ ಬೆಳಿಗ್ಗೆ ಅದನ್ನ ಕಡಿದು ತೆಗೆಯೋ ತನಕ ಬಸ್ಸು ಅಲ್ಲೇ ನಿಂತಿರುತ್ತೆ. ಶಿವಮೊಗ್ಗದಲ್ಲಿ ಅತ್ತೆ ಮನೆ, ಚಿಕ್ಕಮ್ಮನ ಮನೆ ಯಾವ್ದಾದ್ರೂ ಇದ್ದೇ ಇರುತ್ತೆ, ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಉಳ್ಕೊಳ್ಳಿ. ಸಂಜೆ ಒಂದ್ಸಲ ಸೆಂಟರ್ ತನಕ ಹೋಗಿ ಗೇಟ್ ನೋಡ್ಕೊಂಡು ಬನ್ನಿ. ಶಿವಮೊಗ್ಗದಲ್ಲಿ ಒಂದೇ ಆಡಳಿತ ಮಂಡಳಿಯ ಹೈಸ್ಕೂಲು, ಪಿಯು, ಡಿಗ್ರಿ ಕಾಲೇಜು ಬೇರೆ ಬೇರೆ ಕಟ್ಟಡದಲ್ಲಿ ಇರುತ್ತೆ, ಹೆಸರು ನೋಡಿ ತಪ್ಪು ಗೇಟಿಗೆ ಹೋಗೋರು ಪ್ರತಿ ವರ್ಷ ಇರ್ತಾರೆ. ಕಾಲೇಜು ತುಂಗಾ ಹೊಳೆಯ ಆ ಕಡೆ ವಿದ್ಯಾನಗರದಲ್ಲಿದ್ರೆ ಬೆಳಿಗ್ಗೆ ಸೇತುವೆ ಮೇಲಿನ ಟ್ರಾಫಿಕ್ಕಿಗೂ ಟೈಮ್ ಇಟ್ಕೊಳ್ಳಿ.

ಚೀಲದಲ್ಲಿ ಇರ್ಬೇಕಾದ್ದು ಪ್ರವೇಶ ಪತ್ರ, ಫೋಟೋ ಇರೋ ಐಡಿ, ನೀಲಿ ಇಲ್ಲಾ ಕಪ್ಪು ಬಾಲ್ ಪೆನ್ನು ಎರಡು ಮೂರು, ನೀರು. ವಾಚು ಯಾವ ತರದ್ದೂ ಬಿಡಲ್ಲ, ಮೊಬೈಲು ಮನೇಲೇ ಇರ್ಲಿ. ಬಟ್ಟೆ ಸರಳವಾಗಿರ್ಲಿ, ಅರ್ಧ ತೋಳಿಂದು, ದೊಡ್ಡ ಗುಂಡಿ ಜೇಬು ಇಲ್ಲದ್ದು, ಒಡವೆ ಹಾಕ್ಕೊಂಡು ಹೋಗ್ಬೇಡಿ, ಶೂ ಬದ್ಲು ಚಪ್ಪಲಿ. 2025ರ ಸಿಇಟಿಲಿ ನಮ್ಮ ಶಿವಮೊಗ್ಗದಲ್ಲೂ ಬೀದರಲ್ಲೂ ಮಕ್ಕಳ ಜನಿವಾರ ತೆಗೆಸೋಕೆ ಹೋದ ಪ್ರಕರಣ ಆಗಿ ಇಡೀ ರಾಜ್ಯದಲ್ಲಿ ಸುದ್ದಿಯಾಯ್ತು, ಅಂಥದ್ದು ನಿಮಗೆ ಎದುರಾದ್ರೆ ಬಾಗಿಲ ಹತ್ರ ವಾದಕ್ಕೆ ಇಳಿದು ಟೈಮ್ ಕಳೀಬೇಡಿ, ಸೆಂಟರ್ ಮುಖ್ಯಸ್ಥರನ್ನ ಕರೆಸಿ ಅಂತ ಮೆಲ್ಲಗೆ ಕೇಳಿ, ಹೊರಗಿರೋ ಅಪ್ಪನೋ ಅಣ್ಣನೋ ಮಾತಾಡ್ಲಿ. ಅದಕ್ಕೇ ಪೇಪರ್ ಶುರುವಾಗೋ ತನಕ ಮನೆಯೋರೊಬ್ರು ಗೇಟ್ ಹತ್ರ ಇರೋದು ಒಳ್ಳೇದು.

ಹಾಲಲ್ಲಿ ಕೂತ ಮೇಲೆ

ಬೆಳಗಿನ ಪೇಪರ್ 10:30ರಿಂದ 11:50, ಮಧ್ಯಾಹ್ನದ್ದು 2:30ರಿಂದ 3:50. ನೋಡೋಕೆ 80 ನಿಮಿಷ, ಆದ್ರೆ ಉತ್ತರ ಬರಿಯೋಕೆ ಸಿಗೋದು 70. ಮೊದ್ಲ ಹತ್ತು ನಿಮಿಷ ಓಎಂಆರ್ ಹಾಳೇಲಿ ಹೆಸರು, ಸಿಇಟಿ ನಂಬರ್, ಪ್ರಶ್ನೆ ಪತ್ರಿಕೆಯ ವರ್ಷನ್ ಕೋಡ್ ತುಂಬೋಕೆ. ಮೂರನೇ ಬೆಲ್ಲು 10:40ಕ್ಕೆ, ಅಲ್ಲಿ ತನಕ ಪ್ರಶ್ನೆ ಪತ್ರಿಕೆ ಬಿಚ್ಚೋ ಹಾಗಿಲ್ಲ. ವರ್ಷನ್ ಕೋಡ್ ಅಂತೂ ಪತ್ರಿಕೆ ನೋಡಿ, ಹಾಳೆ ನೋಡಿ, ಮತ್ತೆ ಪತ್ರಿಕೆ ನೋಡಿ ತುಂಬಿ, ಅದು ತಪ್ಪಿದ್ರೆ ನಿಮ್ಮ ಉತ್ತರಗಳನ್ನ ಬೇರೆ ಕೀ ಜೊತೆ ಹೊಂದಿಸಿ ನೋಡೋ ಪರಿಸ್ಥಿತಿ.

70 ನಿಮಿಷಕ್ಕೆ 60 ಪ್ರಶ್ನೆ ಅಂದ್ರೆ ಒಂದಕ್ಕೆ 70 ಸೆಕೆಂಡ್. ನಾನು ಮಕ್ಕಳಿಗೆ ಹೇಳೋದು ಮೂರು ಸುತ್ತು. ಮೊದ್ಲ ಸುತ್ತಲ್ಲಿ ನೋಡಿದ ತಕ್ಷಣ ಬರೋದನ್ನ ಮಾತ್ರ, ಒಂದಕ್ಕೆ ಅರ್ಧ ನಿಮಿಷದ ಮೇಲೆ ಹೋಯ್ತು ಅಂದ್ರೆ ಪತ್ರಿಕೇಲಿ ಗುರುತು ಹಾಕಿ ದಾಟಿ. ಎರಡನೇ ಸುತ್ತಲ್ಲಿ ಗೊತ್ತಿರೋ ಆದ್ರೆ ಲೆಕ್ಕ ಮಾಡ್ಬೇಕಾದ್ದು. ಮೂರನೇದ್ರಲ್ಲಿ ಎರಡು ಆಪ್ಷನ್ ಮಧ್ಯೆ ಸಿಕ್ಕಿಬಿದ್ದಿರೋದು. ಕೊನೇ ಐದು ನಿಮಿಷ ಉಳಿದಾಗ ಏನೂ ಗೊತ್ತಿಲ್ಲದ ಪ್ರಶ್ನೆಗಳಿಗೂ ಗುಂಡಿ ತುಂಬಿ, ನೆಗೆಟಿವ್ ಇಲ್ಲ, ಒಂದನ್ನೂ ಖಾಲಿ ಬಿಡ್ಬೇಡಿ.

ಗುಂಡಿ ತುಂಬೋದನ್ನ ಕೊನೇಗೆ ಇಟ್ಕೊಬೇಡಿ. ಒಂದು ಪುಟದ ಪ್ರಶ್ನೆ ಮುಗಿದ ಕೂಡ್ಲೇ ಆ ಪುಟದ್ದು ಹಾಳೆಗೆ ಹಾಕಿ, ದಾಟಿದ ಪ್ರಶ್ನೆಯ ನಂಬರ್ ಬಾಯಲ್ಲಿ ಹೇಳ್ಕೊಂಡು ದಾಟಿ, ಇಲ್ಲಾಂದ್ರೆ 17ರ ಉತ್ತರ 18ಕ್ಕೆ ಹೋಗಿ ಅಲ್ಲಿಂದ ಸಾಲು ಪೂರ್ತಿ ಜಾರುತ್ತೆ. ಪೆನ್ನಲ್ಲಿ ಹಾಕಿದ್ದು ಹಾಕಿದ್ದೇ, ವೈಟ್ನರ್, ಬ್ಲೇಡ್ ಏನೂ ಮುಟ್ಬೇಡಿ. ಎರಡು ಗುಂಡಿ ತುಂಬಿದ್ರೆ ಆ ಪ್ರಶ್ನೆ ಸೊನ್ನೆ. ಮುಗಿದ ಮೇಲೆ ಮೇಲಿನ ಹಾಳೆ ಅವ್ರು ತಗೊಂಡು ಕೆಳಗಿನ ಕಾಪಿ ನಿಮಗೆ ಕೊಡ್ತಾರೆ, ಅದನ್ನ ಫೈಲಲ್ಲಿ ಹಾಕಿ ಒಂದು ವರ್ಷ ಜೋಪಾನ ಮಾಡಿ.

ಮಧ್ಯದಲ್ಲಿ ಎರಡೂವರೆ ಗಂಟೆಗಿಂತ ಜಾಸ್ತಿ ಸಿಗುತ್ತೆ. ಶಿವಮೊಗ್ಗದ ಏಪ್ರಿಲ್ ಬಿಸಿಲು ನಮ್ಮ ಕಾಡಿನ ಕಡೆ ಮಕ್ಕಳಿಗೆ ತಡೆಯಲ್ಲ, ಹೋಟ್ಲಿಗೆ ಅಲೀಬೇಡಿ, ಮನೆಯಿಂದ ಮೊಸರನ್ನವೋ ಚಿತ್ರಾನ್ನವೋ ಕಟ್ಕೊಂಡು ಬನ್ನಿ, ಮರದ ನೆರಳಲ್ಲಿ ತಿಂದು ಕಣ್ಣು ಮುಚ್ಕೊಂಡು ಕೂರಿ. ಬೆಳಗಿನ ಪೇಪರಿನ ಉತ್ತರ ಚರ್ಚೆ ಮಾಡೋ ಗುಂಪಿಂದ ದೂರ ಇರಿ, ಅಪ್ಪ ಅಮ್ಮನೂ "ಎಷ್ಟು ಸರಿಯಾಯ್ತು" ಅಂತ ಆಗ ಕೇಳ್ಬೇಡಿ.

ಕೀ ಆನ್ಸರ್ ಬಂದಾಗ ನಿಮ್ಮ ಕಾಪಿ ಜೊತೆ ತಾಳೆ ನೋಡಿ. ಕೀ ತಪ್ಪಿದೆ ಅನ್ಸಿದ್ರೆ ಲೆಕ್ಚರರಿಗೆ ತೋರಿಸಿ, ಆಕ್ಷೇಪಣೆ ಹಾಕೋಕೆ ದಿನ ಕೊಟ್ಟಿರ್ತಾರೆ.

ಅಗ್ರಿ ಪ್ರಾಕ್ಟಿಕಲ್

ಕೃಷಿಕರ ಮಕ್ಕಳ ಕೋಟಾ ಕೇಳಿದೋರಿಗೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಬೀಜ, ಕಾಳು, ಗೊಬ್ಬರ, ಕಳೆ, ಸಲಕರಣೆ ಗುರುತಿಸೋದು ಇಂಥದ್ದೆಲ್ಲ. ನಮ್ಮ ಮಕ್ಕಳಿಗೆ ಅಡಿಕೆ, ಕಾಳುಮೆಣಸು, ಏಲಕ್ಕಿ, ಭತ್ತ ಕಣ್ಮುಚ್ಚಿ ಹೇಳ್ತಾರೆ, ಆದ್ರೆ ಸಜ್ಜೆ, ನವಣೆ, ಕುಸುಬೆ, ಹರಳು ಮುಂದಿಟ್ರೆ ಗೊತ್ತಾಗಲ್ಲ, ಬಯಲುಸೀಮೆ ಬೆಳೆ ನೋಡೇ ಇರಲ್ಲ. ಒಂದಿನ ಶಿವಮೊಗ್ಗ ಗಾಂಧಿ ಬಜಾರಿಗೆ ಹೋಗಿ ಕಾಳು ಬೀಜದ ಅಂಗಡೀಲಿ ಒಂದೊಂದು ಹಿಡಿ ತಗೊಂಡು ಸಣ್ಣ ಕವರಲ್ಲಿ ಹಾಕಿ ಹೆಸರು ಬರೆದಿಟ್ಕೊಳ್ಳಿ. ಯೂರಿಯಾ, ಡಿಎಪಿ, ಪೊಟ್ಯಾಷ್ ಬಣ್ಣ ಕಾಳು ನೋಡ್ಕೊಳ್ಳಿ, ಸೊಸೈಟೀಲಿ ಕೇಳಿದ್ರೆ ತೋರಿಸ್ತಾರೆ.

ಆಪ್ಷನ್ ಎಂಟ್ರಿ, ಇಲ್ಲೇ ಆಟ ಇರೋದು

ರ‍್ಯಾಂಕ್ ಬಂತು. ಆನ್‌ಲೈನಲ್ಲಿ ತಾಳೆಯಾಗದ ಕ್ಲೇಮ್ ಏನಾದ್ರೂ ಇದ್ರೆ ಒರಿಜಿನಲ್ ದಾಖಲೆ ಹಿಡ್ಕೊಂಡು ಹೋಗಿ ವೆರಿಫಿಕೇಷನ್ ಮುಗಿಸಿ, ಎಲ್ಲಿ ಯಾವತ್ತು ಅಂತ ಆ ವರ್ಷದ ನೋಟಿಸಲ್ಲಿ ಹಾಕ್ತಾರೆ. ಆಮೇಲೆ ಕಾಲೇಜು ಮತ್ತೆ ಕೋರ್ಸಿನ ಪಟ್ಟಿ ಮಾಡೋದು.

ಇದು ನಡಿಯೋ ಹೊತ್ತಿಗೆ ನಮ್ಮಲ್ಲಿ ಜೂನ್ ಜುಲೈ ಮಳೆ ಹಿಡಿದಿರುತ್ತೆ. ಕರೆಂಟ್ ಹೋದ್ರೆ ಮೂರು ದಿನ ಬರಲ್ಲ, ಟವರ್ ಬ್ಯಾಟರಿ ಇಳಿದ್ರೆ ನೆಟ್‌ವರ್ಕೂ ಇಲ್ಲ. ಕೊನೇ ದಿನಕ್ಕೆ ಇಟ್ಕೊಳ್ಳೋದು ಬೆಂಗಳೂರಿನ ಮಕ್ಕಳಿಗೆ ನಡಿಯುತ್ತೆ, ನಮಗೆ ನಡಿಯಲ್ಲ. ಪಟ್ಟಿನ ಮೊದ್ಲೇ ಕಾಗದದ ಮೇಲೆ ಬರೆದು, ಲಿಂಕ್ ಓಪನ್ ಆದ ಮೊದಲನೇ ಎರಡನೇ ದಿನವೇ ಪೇಟೆಗೆ ಹೋಗಿ ತುಂಬಿ ಸೇವ್ ಮಾಡಿ, ಬದಲಾಯಿಸೋದು ಕೊನೇ ದಿನದ ತನಕ ಇದ್ದೇ ಇದೆ.

ಪಟ್ಟಿ ಹೆಂಗೆ ಮಾಡೋದು. ಹಿಂದಿನ ವರ್ಷದ ಕಟಾಫ್ ರ‍್ಯಾಂಕ್ ಕೆಇಎ ಹಾಕಿರುತ್ತೆ, ನಿಮ್ಮ ಕೆಟಗರಿ ಕಾಲಮ್ ನೋಡಿ. ಸಾಫ್ಟ್‌ವೇರು ನಿಮ್ಮ ಒಂದನೇ ಆಪ್ಷನ್ನಿಂದ ಕೆಳಗೆ ಬರ್ತಾ ನಿಮ್ಮ ರ‍್ಯಾಂಕಿಗೆ ಸಿಗೋ ಮೊದಲನೇದನ್ನ ಕೊಟ್ಟು ನಿಲ್ಲಿಸಿಬಿಡುತ್ತೆ. ಅದ್ರಿಂದ ಮೇಲೆ ಇರ್ಬೇಕಾದ್ದು ನಿಮಗೆ ಇಷ್ಟವಾದ್ದು, ಸಿಗುತ್ತೆ ಅನ್ಸಿದ್ದಲ್ಲ. ಸಿಗೋ ಸಾಧ್ಯತೆ ಕಮ್ಮಿ ಇರೋದನ್ನ ಮೇಲಿಟ್ರೆ ನಷ್ಟ ಏನಿಲ್ಲ. "ಸೇಫ್ ಆಗಿರ್ಲಿ" ಅಂತ ಸುಲಭಕ್ಕೆ ಸಿಗೋದನ್ನ ಒಂದನೇ ನಂಬರಿಗೆ ಹಾಕಿದ್ರೆ ಅದೇ ಸಿಗುತ್ತೆ, ಕೆಳಗಿದ್ದ ಒಳ್ಳೇದರ ಹತ್ರ ಸಾಫ್ಟ್‌ವೇರು ಬರೋದೇ ಇಲ್ಲ. ಆಪ್ಷನ್ ಎಷ್ಟು ಬೇಕಾದ್ರೂ ಹಾಕಬಹುದು, ಹತ್ತಿಪ್ಪತ್ತಕ್ಕೆ ನಿಲ್ಲಿಸ್ಬೇಡಿ. ಹಾಗೇ ಸಿಕ್ಕಿದ್ರೂ ಹೋಗೋದೇ ಇಲ್ಲ ಅನ್ನೋ ಕಾಲೇಜು ಪಟ್ಟೀಲಿ ಬೇಡ.

ಒಂದೇ ಕಾಲೇಜಿಗೆ ಅನುದಾನಿತ ಸೀಟಿಗೊಂದು ಕೋಡು, ಅನುದಾನ ಇಲ್ಲದ್ದಕ್ಕೊಂದು ಕೋಡು ಇರಬಹುದು, ಫೀಸಲ್ಲಿ ತುಂಬಾ ವ್ಯತ್ಯಾಸ. ಹಾಸನದ ಮಲ್ನಾಡ್ ಕಾಲೇಜಿನ ತರದ ಹಳೇ ಕಾಲೇಜಲ್ಲಿ ಇದನ್ನ ನೋಡಿ ಹಾಕಿ. ಶಿವಮೊಗ್ಗದಲ್ಲೇ ಜೆಎನ್‌ಎನ್‌ಸಿಇ, ಪಿಇಎಸ್ ಇದೆ, ದಾವಣಗೆರೆಲಿ ಯುಬಿಡಿಟಿ, ಹಾಸನ ಹಾವೇರಿಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಬೆಂಗಳೂರಲ್ಲಿ 1917ರ ಯುವಿಸಿಇ. ಬೆಂಗಳೂರಿನ ಯಾವ್ದೋ ಹೆಸರು ಕೇಳದ ಪ್ರೈವೇಟ್ ಕಾಲೇಜಿಗೆ ಹೋಗಿ ಪಿಜಿ ಬಾಡಿಗೆ ಕಟ್ಟೋದಕ್ಕಿಂತ ಹತ್ರದ ಹಳೇ ಕಾಲೇಜು, ಸರ್ಕಾರಿ ಕಾಲೇಜು ಎಷ್ಟೋ ಮನೆಗೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಫೀಸು, ಹಾಸ್ಟೆಲು, ಬಸ್ಸು ಎಲ್ಲ ಕೂಡಿಸಿ ಮನೆಯೋರು ಕೂತು ಲೆಕ್ಕ ಹಾಕಿ.

ಮಾಕ್ ಅಲಾಟ್ಮೆಂಟ್ ಅಂತ ಒಂದು ಬರುತ್ತೆ, ಅದು ನಿಜವಾದ ಸೀಟಲ್ಲ, ಪಟ್ಟಿ ಹಿಂಗೇ ಇದ್ರೆ ಏನು ಸಿಗಬಹುದು ಅಂತ ತೋರಿಸೋದು. ಅದನ್ನ ನೋಡಿ ಪಟ್ಟಿ ತಿದ್ದಿ. ನಿಜವಾದ ಸುತ್ತು ಬಂದ ಮೇಲೆ ನಾಲ್ಕು ಚಾಯ್ಸ್ ಕೇಳ್ತಾರೆ. ಒಂದು ಅಂದ್ರೆ ಈ ಸೀಟು ಒಪ್ಪಿಗೆ, ಫೀಸ್ ಕಟ್ಟಿ ಕಾಲೇಜಿಗೆ ಹೋಗಿ ಸೇರ್ತೀನಿ. ಎರಡು ಅಂದ್ರೆ ಇದಿರ್ಲಿ, ಫೀಸ್ ಕಟ್ತೀನಿ, ಆದ್ರೆ ಮೇಲಿನ ಆಪ್ಷನ್ ಮುಂದಿನ ಸುತ್ತಲ್ಲಿ ಸಿಕ್ಕಿದ್ರೆ ಬೇಕು. ಮೂರು ಅಂದ್ರೆ ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. ನಾಲ್ಕು ಅಂದ್ರೆ ನಂಗೆ ಈ ಕೌನ್ಸೆಲಿಂಗೇ ಬೇಡ. ಎರಡು ಹಾಕಿದೋರಿಗೆ ಮೇಲಿನದು ಸಿಕ್ಕಿದ್ರೆ ಹಳೇದು ತಾನೇ ತಾನಾಗಿ ಹೋಗುತ್ತೆ, ವಾಪಸ್ ಕೇಳೋ ಹಾಗಿಲ್ಲ, ಅದಕ್ಕೇ ಮೇಲೆ ಮನಸಿಲ್ಲದ ಆಪ್ಷನ್ ಇದ್ರೆ ಮೊದ್ಲೇ ತೆಗೀರಿ. ಮೂರು ಹಾಕಿದೋರ ಕೈಲಿ ಏನೂ ಇರಲ್ಲ ಅನ್ನೋದು ಗೊತ್ತಿದ್ದು ಹಾಕಿ. ಚಾಯ್ಸೇ ಹಾಕ್ದೆ ಸುಮ್ನಿರೋದು ಎಲ್ಲಕ್ಕಿಂತ ಕೆಟ್ಟದ್ದು, ಮಳೇಲಿ ನೆಟ್ ಇರ್ಲಿಲ್ಲ ಅಂದ್ರೆ ಯಾರೂ ಕೇಳಲ್ಲ.

ಸೀಟು ಸಿಕ್ಕ ಮೇಲೆ

ಫೀಸ್ ಕಟ್ಟಿ, ಅಡ್ಮಿಷನ್ ಆರ್ಡರ್ ಡೌನ್‌ಲೋಡ್ ಮಾಡಿ, ಕೊಟ್ಟ ದಿನದೊಳಗೆ ಕಾಲೇಜಿಗೆ ಹೋಗಿ ಸೇರಿ, ಫೀಸ್ ಕಟ್ಟಿದ್ದೇ ಸೇರಿದ ಹಾಗೆ ಅಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಕಾಲೇಜಲ್ಲಿ ಇಟ್ಕೊಳ್ತಾರೆ, ಹೋಗೋಕೆ ಮುಂಚೆ ಎಲ್ಲದರ ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಹಾಕಿಡಿ, ಜೆರಾಕ್ಸ್ ನಾಲ್ಕೈದು ಸೆಟ್ ಮಾಡಿಸಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಮಳೆಗಾಲ. ಸೇರಿದ ವಾರದೊಳಗೆ ಎಸ್‌ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಸರ್ಕಾರಿ ಹಾಸ್ಟೆಲ್ ಬೇಕಾದೋರು ಎಸ್‌ಎಚ್‌ಪಿ ಪೋರ್ಟಲಲ್ಲಿ ಹಾಸ್ಟೆಲ್ ಅರ್ಜಿ ಹಾಕಿ, ಹಾಸ್ಟೆಲ್ ಸೀಟು ಬೇಗ ತುಂಬುತ್ತೆ, ಇದಕ್ಕೂ ಅದೇ ಆರ್‌ಡಿ ನಂಬರ್ ಬೇಕು.